ಬೇಲಿಯಾಚೆಗೆ ಹೋದ ಕರೆಂಟು

ಕೈಯಿಂದ ಏನೂ ಖರ್ಚಾಗದೆ ದಾನಿ ಅನ್ನಿಸಿಕೊಳ್ಳುವ ಆಸೆ ನನಗೆ ಮೊದಲಿನಿಂದಲೂ ಇದೆ. ಅದಕ್ಕೆ ಅವಕಾಶ ಸಿಕ್ಕಿದ್ದು ನಮ್ಮ ಬೆಳಂಬಾರದ ಮನೆಯ ತಾರಸಿಯ ಮೇಲೆ ಸೋಲಾರ್ ಕೂರಿಸಿದ ಮೇಲೆ. ನಾನು ಅಂಕೋಲೆಯ ಹೈಸ್ಕೂಲೊಂದರಲ್ಲಿ ಕನ್ನಡ ಮಾಸ್ತರು. ವಿದ್ಯುತ್ತಿನ ಬಗ್ಗೆ ನನಗೆ ಗೊತ್ತಿದ್ದದ್ದು ವಿದ್ಯುಚ್ಛಕ್ತಿ ಎಂಬುದು ಶ್ಚುತ್ವ ಸಂಧಿ ಎಂಬುದಷ್ಟೇ. ಸೋಲಾರ್ ಕೂರಿಸಲು ಕಾರವಾರದಿಂದ ಬಂದಿದ್ದ ಹುಡುಗ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟು, "ನೀವು ಬಳಸಿ ಉಳಿದ ಕರೆಂಟು ಲೈನಿಗೆ ಹೋಗ್ತದೆ ಸರ್. ಹತ್ತಿರದ ಮನೆಯವ್ರು ಮೊದ್ಲು ಅದನ್ನೇ ಬಳಸ್ತಾರೆ. ಎಷ್ಟು ಹೋಯ್ತು ಅಂತ ಇಲ್ಲಿ ಕಾಣ್ತದೆ" ಎಂದ. ಆ ಗಳಿಗೆಯಿಂದ ನಾನು ಊರಿಗೆ ಬೆಳಕು ಕೊಡುವವನಾದೆ.

ಹತ್ತಿರದ ಮನೆ ಎಂದರೆ ಬೇಲಿಯಾಚೆಯ ಗಂಗಕ್ಕನ ಮನೆ. ಅವಳ ಗಂಡನಿಗೆ ಸ್ವಂತ ದೋಣಿ ಇದೆ. ಪಶ್ಚಿಮಕ್ಕೆ ಮಂಜಣ್ಣನ ಮನೆಯೂ ಅಷ್ಟೇ ಹತ್ತಿರ. ಆದರೆ ಅವನ ತೆಂಗಿನಮರ ನಮ್ಮ ಅಂಗಳಕ್ಕೆ ವಾಲಿಕೊಂಡಿದೆ. ಬಿದ್ದ ಕಾಯಿ ಯಾರದು ಎಂಬ ತಕರಾರಿನಲ್ಲಿ ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಆ ಮನೆ ಹತ್ತಿರದ್ದಲ್ಲ.

ಅದೇ ದಿನ ಬೇಲಿಯ ಹತ್ತಿರ ನಿಂತು, ನೀನು ಮಿಕ್ಸಿಯಲ್ಲಿ ಕಾಯಿ ರುಬ್ಬುವುದು ನನ್ನ ಕರೆಂಟಿನಲ್ಲಿ ಎಂದು ಗಂಗಕ್ಕನಿಗೆ ತಿಳಿಸಿದೆ. ಹೇಳದಿದ್ದರೆ ದಾನ ಮಾಡಿ ಏನು ಸುಖ? ನಮ್ಮ ಕಡೆ ಅಕ್ಕಪಕ್ಕದವರು ಕೊಟ್ಟ ಬೋಗುಣಿಯನ್ನು ಯಾರೂ ಖಾಲಿ ವಾಪಸು ಕಳಿಸುವುದಿಲ್ಲ. ಒಂದು ತುಂಡು ಬೆಲ್ಲವನ್ನಾದರೂ ಹಾಕಿಯೇ ಕೊಡುತ್ತಾರೆ. ಕರೆಂಟಿಗೆ ಬೋಗುಣಿ ಇಲ್ಲ. ಆದರೂ ಮರುದಿನ ಮಧ್ಯಾಹ್ನ ಗಂಗಕ್ಕ ತನ್ನದೇ ಬೋಗುಣಿಯಲ್ಲಿ ಆರು ಹುರಿದ ಬಂಗಡೆ ತಂದುಕೊಟ್ಟಳು. ಅದರ ಮಾರನೆಯ ದಿನ ಶೆಟ್ಲಿ, ಅಂದರೆ ಸಿಗಡಿಯ ಸುಕ್ಕ ಬಂತು.

ಇದು ನನಗೆ ಎಷ್ಟು ದೊಡ್ಡ ಸಂಗತಿ ಎಂಬುದನ್ನು ಹೇಳಬೇಕು. ಮೀನು ಆರಿಸುವ ವಿದ್ಯೆ ನನಗೆ ಒಲಿದಿಲ್ಲ. ಅಂಕೋಲೆ ಪೇಟೆಯಲ್ಲಿ ಕಿವಿರು ಎತ್ತಿ, ಉತ್ತರಪತ್ರಿಕೆ ನೋಡುವವನ ಹಾಗೆ ಗಂಭೀರವಾಗಿ ನೋಡುತ್ತೇನೆ. ಕೊನೆಗೆ ಬುಟ್ಟಿಯಲ್ಲಿದ್ದ ಅತಿ ಹಳೆಯ ಮೀನು ನನ್ನ ಚೀಲಕ್ಕೇ ಬಂದು ಬೀಳುತ್ತದೆ. "ಇದು ಸತ್ತು ವರ್ಷಾಂತಿಕವೂ ಆಯ್ತು" ಎಂದು ಹೆಂಡತಿ ಮೂಗು ಮುಚ್ಚಿಕೊಂಡೇ ತೊಳೆಯುತ್ತಾಳೆ. ಹೀಗಿರುವಾಗ ತಾಜಾ ಮೀನು ತಾನಾಗಿ ಬೇಲಿ ದಾಟಿ ಬರುತ್ತಿದ್ದರೆ ಅದನ್ನು ಹೇಗಾದರೂ ಉಳಿಸಿಕೊಳ್ಳಬೇಕಲ್ಲ?

ಮೇ ತಿಂಗಳ ರಜೆ. ದಿನವಿಡೀ ಆ್ಯಪ್ ನೋಡುತ್ತಾ ಕೂತೆ. ನಾವು ಕಡಿಮೆ ಬಳಸಿದಷ್ಟೂ ಆಚೆಗೆ ಹೋಗುವುದು ಹೆಚ್ಚು. ಮೊದಲು ಫ್ಯಾನು ನಿಲ್ಲಿಸಿದೆ. ಆ ಸೆಖೆಯಲ್ಲಿ ಹೆಂಡತಿ ಪಂಚಾಂಗದಿಂದ ಗಾಳಿ ಹಾಕಿಕೊಳ್ಳುತ್ತಾ, "ನಿಮ್ಗೆ ತಲೆ ಸಮಾ ಅದೆಯಾ?" ಎಂದಳು. ಮಿಕ್ಸಿಯನ್ನೂ ನಿಲ್ಲಿಸು ಎಂದಾಗ ಒರಳಿನ ಕಡೆ ಬೆರಳು ತೋರಿಸಿ, "ಹಾಂಗಾದ್ರೆ ನೀವೇ ರುಬ್ಬಿ" ಎಂದಳು. ರುಬ್ಬಿದೆ. ಬನಿಯನ್ ಹಿಂಡುವಷ್ಟು ಬೆವರು ಸುರಿಸಿ ರುಬ್ಬಿದೆ. ಆ ದಿನ ಆ್ಯಪಿನಲ್ಲಿ ಆಚೆಗೆ ಹೋದ ಲೆಕ್ಕ, ಅಂದರೆ ಎಕ್ಸ್‌ಪೋರ್ಟು, ಏರಿತು, ಇಸ್ವಾಣ ಮೀನಿನ ಎರಡು ತುಂಡೂ ಬಂತು. ಎರಡಕ್ಕೂ ನೇರ ಸಂಬಂಧವಿದೆ ಎಂದು ನನಗೆ ಪಕ್ಕಾ ಆಯಿತು.

ಒಂದು ಬೆಳಿಗ್ಗೆ ಗಾಳಿ ಬೀಸಿ ಎಲ್ಲೋ ಕೊಂಬೆ ಮುರಿದು ತಂತಿಯ ಮೇಲೆ ಬಿತ್ತು. ಗಂಗಕ್ಕ ಬೇಲಿಗೆ ಬಂದು ಕೂಗಿದಳು. "ಮಾಸ್ತರ್ರೇ, ಕರೆಂಟ್ ಎಂತಕ್ಕೆ ನಿಲ್ಸಿದ್ರಿ? ನಿನ್ನೆ ಬಂಗಡೆ ಸಣ್ಣದಾಯ್ತಾ?"

ಒಳಗೆ ಓಡಿ ನೋಡಿದರೆ ನಮ್ಮ ದೀಪ ಉರಿಯುತ್ತಿದೆ! ಕಂಬದ ಹತ್ತಿರ ಬಂದ ಲೈನ್‌ಮನ್ನನ್ನು ಗುಟ್ಟಾಗಿ ವಿಚಾರಿಸಿದೆ. ಅವನು ನಕ್ಕ.

"ಗಂಗಕ್ಕನ ಮನಿದು ಬೇರೆ ಟ್ರಾನ್ಸ್‌ಫಾರ್ಮರ್, ಮಾಸ್ತರ್ರೇ. ನಿಮ್ದೂ ಮಂಜಣ್ಣಂದೂ ಒಂದೇ ಲೈನು. ನಿಮ್ಮ ಕರೆಂಟೆಲ್ಲಾ ಹೋಗೂದು ಅತ್ಲಾಗೆ."

ಅತ್ತ ಮಂಜಣ್ಣನ ಹೊಸ ಎಸಿ ಗುಂಯ್‌ಗುಡುತ್ತಿತ್ತು. ಹದಿನೈದು ದಿನ ನಾನು ಸೆಖೆಯಲ್ಲಿ ಬೆಂದು, ಒರಳು ತಿರುಗಿಸಿ ತಣ್ಣಗಿಟ್ಟದ್ದು ಈ ಮನುಷ್ಯನನ್ನು! ಅಷ್ಟರಲ್ಲಿ ತಂತಿ ಸರಿಯಾಗಿ ಗಂಗಕ್ಕನ ಮನೆಗೆ ಕರೆಂಟು ಬಂತು. "ಮಾಸ್ತರು ಬಿಟ್ರು!" ಎನ್ನುತ್ತಾ ಅವಳು ನೊಗ್ಲಿ ಮೀನು ಹುರಿದು ತಂದಳು. ನಿಜ ಹೇಳಲೇಬೇಕೆಂದು ಬಾಯಿ ತೆರೆದೆ. ಮೀನಿನ ಪರಿಮಳ ಮೂಗಿಗೆ ಬಡಿಯಿತು. "ಉಪ್ಪು ಸಮಾ ಅದೆ" ಎಂದಷ್ಟೇ ಹೇಳಿದೆ. ಲೈನ್‌ಮನ್ನನ ಬಾಯಿ ಮುಚ್ಚಿಸಲು ಅವನಿಗೂ ಊಟ ಹಾಕಿಸಿದೆ.

ನೊಗ್ಲಿ ತಿಂದ ಬಾಯಿ ಮುಚ್ಚಿರಲಿಲ್ಲ. ಮರುದಿನ ಗಂಗಕ್ಕ ಬೋಗುಣಿ ಹಿಡಿದು ಅಂಗಳಕ್ಕೆ ಬರುವ ಹೊತ್ತಿಗೇ ಮಂಜಣ್ಣ ಎರಡು ತೆಂಗಿನಕಾಯಿ ಹಿಡಿದು ಗೇಟಿನಲ್ಲಿ ನಿಂತಿದ್ದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟ.

"ನಿಮ್ಮ ಕರೆಂಟೆಲ್ಲ ನಮ್ಮ ಎಸಿಗೇ ಬರ್ತದಂತೆ. ಬರೀ ಕೈಯಲ್ಲಿ ತಕಂಬುದು ನಮ್ಮಲ್ಲಿಲ್ಲ. ತಕಣಿ, ವಾಲಿದ ಮರದ್ದೇ ಕಾಯಿ."

ಗಂಗಕ್ಕ ನನ್ನನ್ನೇ ನೋಡಿದಳು. ನಾನು ಬೋಗುಣಿಯನ್ನು ನೋಡಿದೆ. ಮುಗಿಯಿತು, ನನ್ನ ಮಧ್ಯಾಹ್ನಗಳು ಮುಗಿದವು ಎಂದುಕೊಂಡೆ. "ಗಂಗಕ್ಕ, ನಂಗೆ ನಿನ್ನೆಯೇ ಗೊತ್ತಾಗಿತ್ತು..." ಎಂದು ತೊದಲಿದೆ.

ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. "ಕರೆಂಟಿಗೆ ಯಾರ್ ಮೀನು ಕೊಡ್ತ್ರು ಮಾರಾಯ್ರೇ! ನೀವು ಪ್ಯಾಟಿಂದ ತಂದ ಮೀನಿನ ವಾಸನಿಗೆ ನಮ್ಮನೇಲಿ ಊಟ ಮಾಡೂಕೆ ಆಗ್ತಿರ್ಲಿಲ್ಲ. ಅದ್ಕೇ ಕೊಡೂಕೆ ಹಿಡ್ದದ್ದು. ಕರೆಂಟ್ ಒಂದು ನೆವ."

"ನಮ್ಮನಿಗೂ ಬರ್ತಿತ್ತು," ಎಂದ ಮಂಜಣ್ಣ. "ಕಿಟಕಿ ಮುಚ್ಚೂಕೇ ಎಸಿ ಹಾಕ್ಸಿದ್ದು."

ಹೆಂಡತಿ ಬೋಗುಣಿ ಇಸಿದುಕೊಂಡು ಒಳಗೆ ಹೋಗಿ ಫ್ಯಾನನ್ನು ಐದಕ್ಕೆ ತಿರುಗಿಸಿದಳು. ನಾನು ಹಿಂದೆಯೇ ಹೋಗಿ, ಇನ್ನು ಮಿಕ್ಸಿಯನ್ನೂ ಹಾಕಬಹುದಲ್ಲ ಎಂದೆ. ಒರಳಿನಲ್ಲಿ ರುಬ್ಬಿದ ಮಸಾಲೆಗೇ ರುಚಿ ಹೆಚ್ಚು ಎಂದಳು. ಮಂಜಣ್ಣ ಕೊಟ್ಟ ಕಾಯಿ ಒಡೆದು, ತುರಿದು, ಈಗ ಅದನ್ನೇ ರುಬ್ಬುತ್ತಿದ್ದೇನೆ.