ಮೇಜರ್ ಮನೆಗೊಂದು ನಲ್ಲಿ

ಮೂರನೇ ಮಹಡಿಯ ಮೇಜರಮ್ಮನವರಿಗೆ ಈ ಲೋಕದಲ್ಲಿ ಇದ್ದದ್ದು ಒಂದೇ ಆಸೆ. ಬಂಗಾರವಲ್ಲ, ಬಳೆಯಲ್ಲ, ಅಡುಗೆಮನೆಯಲ್ಲಿ ಒಂದು ನಲ್ಲಿ. ಒಂಬತ್ತು ಮನೆಗಳ ಆ ವಠಾರಕ್ಕೆಲ್ಲ ಅಂಗಳದಲ್ಲಿದ್ದದ್ದು ಒಂದೇ ನಲ್ಲಿ. ಬೆಳಿಗ್ಗೆ ಆರಕ್ಕೆ ಬರುತ್ತಿದ್ದ ನೀರು ಏಳಕ್ಕೆ ಹೊರಟುಬಿಡುತ್ತಿತ್ತು. ಆ ಒಂದು ಗಂಟೆಯಲ್ಲಿ ಮೇಜರಮ್ಮ ನಲವತ್ತೆಂಟು ಮೆಟ್ಟಿಲುಗಳನ್ನು ನಾಲ್ಕು ಸಲ ಹತ್ತಿಳಿಯಬೇಕಿತ್ತು. ಸೊಂಟದಲ್ಲಿ ಕೊಡ, ಕೈಯಲ್ಲಿ ಬಕೆಟ್ಟು, ಬಾಯಲ್ಲಿ ನೀರಿನ ಆಫೀಸಿನವರ ಏಳು ತಲೆಮಾರು. ಮಂಡಿಗಳು ಮಾತ್ರ ಆ ವರ್ಷದಿಂದ ಅಸಹಕಾರ ಹೂಡಿದ್ದವು.

ಯಜಮಾನರು ಸೇನೆಯಿಂದ ನಿವೃತ್ತರಾಗಿ ಹನ್ನೊಂದು ವರ್ಷ ಕಳೆದಿತ್ತು. ಈಗಲೂ ಐದಕ್ಕೇ ಎದ್ದು ಗಡ್ಡ ಹೆರೆದು, ಎಲ್ಲಿಗೂ ಹೋಗದ ಬೂಟುಗಳಿಗೆ ಪಾಲಿಶ್ ಹಾಕಿ, ಪೇಪರ್ ಹಿಡಿದು ಕೂರುವ ಸಾಧು ಮನುಷ್ಯ. ಹೆಂಡತಿ ಕೂರು ಎಂದರೆ ಕೂತರು, ಏಳು ಎಂದರೆ ಎದ್ದರು. (ಆ ಮನೆಯ ಸರ್ವಸೇನಾಧಿಪತ್ಯ ಯಾರ ಕೈಯಲ್ಲಿತ್ತು ಎಂದು ಬಿಡಿಸಿ ಹೇಳಬೇಕೆ?)

ಅರ್ಜಿ ಎರಡು ಸಲ ಹೋಗಿತ್ತು, ಉತ್ತರ ಒಂದು ಸಲವೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಸೊಪ್ಪು ಬಿಡಿಸುತ್ತ ಕೂತ ಮೇಜರಮ್ಮನಿಗೆ ತಟ್ಟನೆ ಹೊಳೆಯಿತು. ಮನೆಯಲ್ಲೊಂದು ಫಿರಂಗಿ ಇಟ್ಟುಕೊಂಡು ತಾವು ಇಷ್ಟು ದಿನ ಕವಣೆ ಬೀಸುತ್ತಿದ್ದೆವಲ್ಲ! ಅರ್ಜಿ ಇಂಗ್ಲಿಷಿನಲ್ಲಿರಬೇಕು, ಅದರ ತುಂಬ 'ಮೇಜರ್' ಇರಬೇಕು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅವರಿಗೆ ಇಂಗ್ಲಿಷ್ ಬಾರದು. ಆದರೆ ಸೊಸೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು.

"ಬರಿಯೇ ಹುಡುಗಿ. 'ನಾನು ಮೇಜರ್, ನನ್ನ ಹೆಂಡತಿ ಮೇಜರಮ್ಮ, ಇದು ಮೇಜರ್ ಮನೆ, ಮೇಜರ್ ಮನೆಗೆ ನಲ್ಲಿ ಬೇಕು.'"

ಸೊಸೆ ಪೆನ್ನಿನ ತುದಿ ಕಚ್ಚಿದಳು. "ಅತ್ತೆ, ಹಾಗೆಲ್ಲ ಬರೆಯೋ ಹಾಗಿಲ್ಲ. ಹುದ್ದೆ ಹೆಸರಿನ ಮುಂದೆ ಒಂದೇ ಸಲ. ಮೇಜರ್ ಇಂಥವರು ಅಂತ."

"ಒಂದೇ ಸಲ ಅಂದ್ರೆ ಅವರಿಗೆ ಕಾಣಿಸುತ್ತೇನೇ?"

"ದೊಡ್ಡಕ್ಷರದಲ್ಲಿ ಶುರು ಮಾಡ್ತೀನಿ, ಕಾಣಿಸುತ್ತೆ. ಆಮೇಲೆ ಹೆಸರಿನ ಹಿಂದೆ 'ನಿವೃತ್ತ' ಅಂತ ಬರಬೇಕು."

"ಅದು ಬೇಡ. ಹಿಂದೆ ಇದ್ದರೂ ಬೇಡ, ಮುಂದೆ ಇದ್ದರೂ ಬೇಡ."

"ಬರೀದಿದ್ರೆ ಸುಳ್ಳಾಗುತ್ತೆ ಅತ್ತೆ."

"ಸರಿ, ಸಣ್ಣಗೆ ಬರಿ. ನನ್ನದು?"

"ನೀವು ಬರೀ ಮಿಸೆಸ್. ಹುದ್ದೆ ಗಂಡಸರದ್ದು... ಅಂದ್ರೆ, ಕೆಲಸ ಮಾಡಿದವರದ್ದು. ಹೆಂಡತಿಗೆ ಬರಲ್ಲ."

ಮೇಜರಮ್ಮ ಸೊಪ್ಪು ಕೆಳಗಿಟ್ಟರು. "ಓಹೋ! ಇಪ್ಪತ್ತೆಂಟು ವರ್ಷ ಇವರ ಟ್ರಂಕು ಕಟ್ಟಿ, ಟ್ರಂಕು ಬಿಚ್ಚಿ, ಹದಿನಾಲ್ಕು ಊರು ತಿರುಗಿದೆನಲ್ಲ, ಅದು ಯಾವ ಹುದ್ದೆ?"

"ಅದಕ್ಕೆ ಇಂಗ್ಲಿಷಲ್ಲಿ ಪದ ಇಲ್ಲ ಅತ್ತೆ," ಎಂದಳು ಸೊಸೆ. ಕನ್ನಡದಲ್ಲೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದರಿಂದ ಮಾತು ಅಲ್ಲಿಗೆ ನಿಂತಿತು.

ಅಂತೂ ನಾಲ್ಕು ಮೇಜರುಗಳಿಂದ ಶುರುವಾದ ಚೌಕಾಸಿ ಎರಡಕ್ಕೆ ಬಂದು ನಿಂತಿತು. ಸಹಿಯ ಕೆಳಗೆ ಒಂದು, ನಡುವೆ ಒಂದು. ಯಜಮಾನರು ಕನ್ನಡಕ ಹುಡುಕುವಷ್ಟರಲ್ಲಿ ಮೇಜರಮ್ಮ ಪೆನ್ನು ಕೈಗಿತ್ತರು. ಅವರು ಎಂದಿನಂತೆ ಓದದೆ ಸಹಿ ಹಾಕಿದರು. ಮದುವೆಯಾದಾಗಿನಿಂದ ಆ ಮನೆಯಲ್ಲಿ ಕಾಗದಗಳು ಹಾಗೆಯೇ ಪಾಸಾಗುತ್ತಿದ್ದವು.

ನಾಲ್ಕನೇ ದಿನ ಬೆಳಿಗ್ಗೆ ಫೋನು ಬಂತು. ಒಂದು ಕೆನ್ನೆಗೆ ಸೋಪಿನ ನೊರೆ, ಹೆಗಲ ಮೇಲೆ ಟವೆಲು, ಬನಿಯನ್ನಿನಲ್ಲೇ ಯಜಮಾನರು ಫೋನೆತ್ತಿದರು. ಎತ್ತಿದವರು ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತುಬಿಟ್ಟರು. "ಎಸ್ ಸರ್. ಎಸ್ ಸರ್. ರೈಟ್ ಸರ್." ಹನ್ನೊಂದು ವರ್ಷದಿಂದ ಬಾಗಿದ್ದ ಬೆನ್ನು ಕೋಲಿನಂತೆ ಸೆಟೆದದ್ದನ್ನು ಕಂಡು ಮೇಜರಮ್ಮನಿಗೆ ಗಾಬರಿಯೇ ಆಯಿತು.

"ಯಾರು ರೀ?"

"ನೀರಿನ ಆಫೀಸಿಗೆ ಹೊಸ ಮುಖ್ಯಸ್ಥರು ಬಂದಿದ್ದಾರೆ. ರಿಟೈರಾದ ಕರ್ನಲ್ಲು! ಅರ್ಜೀಲಿ ಹುದ್ದೆ ಎಷ್ಟು ಸರಿಯಾಗಿ ಬರೆದಿದ್ದೀರಿ, ಈಗೆಲ್ಲಿ ಸಿಗ್ತಾರೆ ಇಂಥೋರು ಅಂದ್ರು."

ಸೊಸೆ ಜಡೆಯನ್ನು ಹಿಂದಕ್ಕೆ ಎಸೆದುಕೊಂಡಳು.

"ಅದಿರಲಿ, ನಲ್ಲಿ ಯಾವಾಗ ಹಾಕ್ತಾರಂತೆ?"

"ನಲ್ಲಿ ಇಲ್ಲ. ಒಬ್ಬರಿಗೆ ಕೊಟ್ಟರೆ ಎಂಟು ಮನೆಗೆ ಅನ್ಯಾಯ ಅಂತೆ. 'ಮೇಜರ್ ಒಬ್ಬರು ಸ್ಥಳದಲ್ಲೇ ಇರುವಾಗ ನನಗ್ಯಾವ ಚಿಂತೆ' ಅಂದ್ರು. ನಾಳೆಯಿಂದ ಅಂಗಳದ ನಲ್ಲಿ ನನ್ನ ಉಸ್ತುವಾರಿ. ಪ್ರತಿ ಸೋಮವಾರ ವರದಿ ಕಳಿಸಬೇಕು."

"ನಿಮಗೆ ನಿವೃತ್ತಿ ಆಗಿದೆ ಅನ್ನಬಾರದಾಗಿತ್ತೇ?"

"ಅವರಿಗೂ ಆಗಿದೆ ಕಣೇ. ಆದರೂ ಅವರು ಕರ್ನಲ್ಲು, ನಾನು ಮೇಜರು!"

ಮೇಜರಮ್ಮ ಒಂದು ಗಳಿಗೆ ಯೋಚಿಸಿದರು. ಮುಖ ಅರಳಿತು. ನಲ್ಲಿ ಮನೆಗೆ ಬರದಿದ್ದರೇನು, ಮನೆಯವರೇ ನಲ್ಲಿಯ ಬಳಿ ನಿಂತರಲ್ಲ! ಇನ್ನು ಮೊದಲ ನೀರು ಯಾರದ್ದು ಎಂದು ಕೇಳುವವರು ಯಾರು? ಮರುದಿನ ಹೊಸ ಬಕೆಟ್ಟು ಹಿಡಿದು, ದಿಬ್ಬಣಕ್ಕೆ ಹೊರಟವರ ಗತ್ತಿನಲ್ಲಿ ಮೆಟ್ಟಿಲಿಳಿದರು.

ಅಂಗಳದಲ್ಲಿ ಎಂದೂ ಇಲ್ಲದ ಸಾಲು. ಗದ್ದಲವಿಲ್ಲ, ನೂಕಾಟವಿಲ್ಲ. ಪಾಲಿಶ್ ಹಾಕಿದ ಬೂಟು ತೊಟ್ಟು, ಕೈಯಲ್ಲಿ ಗಡಿಯಾರ ಹಿಡಿದು, ಯಜಮಾನರು ನಲ್ಲಿಯ ಪಕ್ಕ ಕಂಬದಂತೆ ನಿಂತಿದ್ದರು. ಗೋಡೆಗೆ ಅವರದೇ ದುಂಡಕ್ಷರದ ಪಟ್ಟಿ: ಮನೆಗೆ ಏಳು ನಿಮಿಷ. ಮೇಜರಮ್ಮ ನೇರವಾಗಿ ಹೋಗಿ ಬಕೆಟ್ಟು ನಲ್ಲಿಯ ಕೆಳಗಿಟ್ಟರು.

"ನಿಮ್ಮ ಸರದಿ ಒಂಬತ್ತನೆಯದು," ಎಂದರು ಯಜಮಾನರು, ಮುಖ ನೋಡದೆ.

"ಏನಂದ್ರಿ?"

"ಸೇನೆಯಲ್ಲಿ ಸಿಪಾಯಿಗಳ ಊಟ ಮುಗಿದ ಮೇಲೇ ಆಫೀಸರು ತಟ್ಟೆ ಮುಟ್ಟೋದು. ಆಫೀಸರ ಮನೆ ಕೊನೆಗೆ."

"ನಾನು ನಿಮ್ಮ ತಟ್ಟೆ ಕೇಳಿದ್ನಾ? ಬಕೆಟ್ಟು ತುಂಬಿಸಿ ಅಂದೆ!"

"ಸಾಲು," ಎಂದರು ಯಜಮಾನರು.

ಒಂದೇ ಮಾತು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಹೆಂಡತಿಗೆ ಕೊಟ್ಟ ಮೊದಲ ಆಜ್ಞೆ. ಎಂಟು ಮನೆಯವರು ನೋಡುತ್ತಿದ್ದರು. ಮೇಜರಮ್ಮ ಬಕೆಟ್ಟೆತ್ತಿಕೊಂಡು ಸಾಲಿನ ಬಾಲಕ್ಕೆ ಹೋಗಿ ನಿಂತರು. ನಿನ್ನೆಯವರೆಗೆ ಬರೀ ಬಾಯಿ ಮತ್ತು ಮೊಣಕೈಯ ಬಲದಿಂದ ಎರಡನೆಯವರಾಗಿ ನೀರು ಹಿಡಿದು ಹೋಗುತ್ತಿದ್ದವರು!

ಎಂಟು ಮನೆಗೆ ಐವತ್ತಾರು ನಿಮಿಷ. ಉಳಿದದ್ದು ನಾಲ್ಕು. ಒಂದು ಬಕೆಟ್ಟು ತುಂಬಿ, ಕೊಡ ಅರ್ಧವಾಗುವಷ್ಟರಲ್ಲಿ ನಲ್ಲಿ ಗೊರಗೊರ ಎಂದು ನಿಂತಿತು. ಯಜಮಾನರು ಪುಸ್ತಕದಲ್ಲಿ ಬರೆದುಕೊಂಡರು.

"ಇದನ್ನಾದರೂ ಮೇಲಕ್ಕೆ ಹೊತ್ತು ತನ್ನಿ."

"ವರದಿ ಮುಗಿಸಿ ಬರ್ತೀನಿ. ನೀನು ನಡಿ."

ಮೇಜರಮ್ಮ ಹದಿನೈದನೇ ಮೆಟ್ಟಿಲಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ, ಎರಡನೇ ಮಹಡಿಯ ದರ್ಜಿಯ ಹೆಂಡತಿ ಹಿಂದಿನಿಂದ ಬಂದಳು. ಮುಖ ತುಂಬ ನಗು.

"ಅಕ್ಕಾ, ನಿಮ್ಮ ಪುಣ್ಯ, ಇವತ್ತು ಮನೇಲಿ ಎಲ್ಲ ಪಾತ್ರೆ ತುಂಬಿದೆ. ನಿಮ್ಮ ಕಾಗದ ಅಂದ್ರೆ ಕಾಗದ! ಈ ಮೆಟ್ಟಿಲಿಗೆ ಒಂದು ದೀಪ ಬೇಕಲ್ಲ, ಅದಕ್ಕೂ ಒಂದು ಬರೆಸಿಕೊಡಿ."

ಮೇಜರಮ್ಮ ಸೆರಗಿನಿಂದ ಬೆವರೊರೆಸಿಕೊಂಡರು. "ಬರೆಸ್ತೀನಿ ಕಣೇ. ನಿನ್ನ ಗಂಡನ ಹೆಸರಲ್ಲಿ."

"ಅಯ್ಯೋ, ನಮ್ಮೋರು ಬರೀ ದರ್ಜಿ ಅಲ್ವಾ ಅಕ್ಕಾ?"

"ಅದಕ್ಕೇ," ಎಂದು ಮೇಜರಮ್ಮ ಬಕೆಟ್ಟು ಎತ್ತಿಕೊಂಡರು.