ಗೋಡೆಯ ಮೇಲೆ ಸಾಲಮಾಂಡರ್ ವಂಶಾವಳಿ

ಮುಖ ನೋಡಿ ನೆಂಟಸ್ತಿಕೆ ಹೇಳಿಬಿಡುವ ಚಟ ನನಗೆ ಮೊದಲಿನಿಂದಲೂ ಇದೆ. ಮದುವೆಮನೆಯಲ್ಲಿ ಯಾರದೋ ಮೂಗು ಕಂಡರೆ ಸಾಕು, "ನೀವು ಜಕ್ಕಲಿ ಗೌಡರ ತಮ್ಮ ಅಲ್ರಿ?" ಎಂದು ಕೇಳಿಬಿಡುತ್ತೇನೆ. ಒಮ್ಮೆ ಲಕ್ಕಲಕಟ್ಟಿಯಲ್ಲಿ ಒಬ್ಬ ಹಿರಿಯರನ್ನು ಪಕ್ಕದಲ್ಲಿ ಕೂತ ಹೆಣ್ಣುಮಗಳ ತಂದೆ ಎಂದು ತಿಳಿದು, ಮಗಳ ಮದುವೆ ಯಾವಾಗ ಎಂದು ವಿಚಾರಿಸಿದೆ. ಅವರು ಆಕೆಯ ಗಂಡ. ಅವತ್ತು ಬಸ್ಸಿನಲ್ಲಿ ರೋಣ ಮುಟ್ಟುವವರೆಗೂ ನನ್ನ ಹೆಂಡತಿ ನನ್ನ ಕಡೆ ತಿರುಗಿ ನೋಡಲಿಲ್ಲ. ಇಂಥ ನಾನು ಹೊಟ್ಟೆಪಾಡಿಗೆ ಏನು ಮಾಡುತ್ತೇನೆ ಎಂದು ಕೇಳಿದರೆ ನೀವು ನಗುತ್ತೀರಿ. ರೋಣದ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಅಂದರೆ, ಯಾವ ಪ್ರಾಣಿ ಯಾವುದರ ನೆಂಟ ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ.

ಹೋದ ವರ್ಷ ನಮ್ಮ ಪ್ರಿನ್ಸಿಪಾಲರು, ಪ್ರತಿಯೊಂದು ಪ್ರಯೋಗಾಲಯದ ಗೋಡೆಯ ಮೇಲೂ ಒಂದು ದೊಡ್ಡ ಚಿತ್ರ ಇರಬೇಕು ಎಂದರು. "ನೀವು ಹೃದಯ ಬರೆಸ್ರಿ, ಕೆಂಪಗ ಚಲೋ ಕಾಣ್ತೈತಿ" ಎಂದು ಸಲಹೆಯನ್ನೂ ಕೊಟ್ಟರು. ಹೃದಯ ಯಾವ ದವಾಖಾನೆಗೆ ಹೋದರೂ ಕಾಣುತ್ತದೆ. ನಾನು ಸಾಲಮಾಂಡರ್ ಕುಟುಂಬಗಳ ವಂಶಾವಳಿ ಬರೆಸುತ್ತೇನೆಂದೆ. ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ಬಳಗಕ್ಕೆ ಸೇರಿದ ಪ್ರಾಣಿ ಅದು. ನಮ್ಮ ದೇಶದಲ್ಲಿ ಇರುವುದು ದೂರದ ಪೂರ್ವ ಹಿಮಾಲಯದ ಕಡೆಗೆ ಮಾತ್ರ. ನರಗುಂದದಿಂದ ಗಜೇಂದ್ರಗಡದವರೆಗೆ ಯಾರೂ ಅದನ್ನು ಕಂಡಿಲ್ಲ, ನಾನೂ ಕಂಡಿಲ್ಲ. ಖರೇ ಹೇಳಬೇಕೆಂದರೆ ಅದನ್ನೇ ಆರಿಸಿದ್ದು ಅದಕ್ಕಾಗಿಯೇ. ಹೃದಯದಲ್ಲಿ ಒಂದು ನಾಳ ಆಚೀಚೆಯಾದರೆ ಹತ್ತು ಜನ ಬೆರಳು ತೋರಿಸುತ್ತಾರೆ. ಸಾಲಮಾಂಡರ್ ವಿಷಯದಲ್ಲಿ ನಾನು ಹೇಳಿದ್ದೇ ಶಾಸ್ತ್ರ.

ಬರೆಯಲು ಬಂದವರು ಖಾಜಾಸಾಬ ನರಗುಂದ. ಈ ಭಾಗದ ಅಂಗಡಿಗಳ ಹಳೆಯ ಬೋರ್ಡುಗಳೆಲ್ಲ ಅವರ ಕೈಯವು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆಯಾಗಿದೆ. "ಖಾಜಾಸಾಬ ಬರೆದರೆ ತಪ್ಪಿರುವುದಿಲ್ಲ" ಎಂಬ ಹೆಸರು ಮಾತ್ರ ಉಳಿದಿದೆ. ಆ ಹೆಸರಿನ ಹಿಂದೆ ಒಂದು ಪದ್ಧತಿಯಿದೆ. ಏನು ಬರೆಯಬೇಕೋ ಅದನ್ನು ಹೇಳಿದವರೇ ಕಾಗದದ ಮೇಲೆ ಬರೆದು, ಕೆಳಗೆ ಸಹಿ ಮಾಡಿ ಕೊಡಬೇಕು. ಇಲ್ಲದಿದ್ದರೆ ಅವರು ಕುಂಚ ಮುಟ್ಟುವುದಿಲ್ಲ. ನಾನೂ ಬರೆದುಕೊಟ್ಟೆ. ದೊಡ್ಡವಾದ ಮೇಲೂ ಕುತ್ತಿಗೆಯ ಪಕ್ಕ ಗರಿಯಂಥ ಕಿವಿರು ಉಳಿಸಿಕೊಳ್ಳುವ ಮೂರು ಸಾಲಮಾಂಡರ್‌ಗಳನ್ನು, ಅಂದರೆ ಸೈರನ್, ಮಡ್‌ಪಪ್ಪಿ ಮತ್ತು ಆಕ್ಸೊಲಾಟ್ಲ್, ವಂಶವೃಕ್ಷದ ಒಂದೇ ಕೊಂಬೆಯ ಮೇಲೆ ಕೂರಿಸಿದೆ. ಮೂರಕ್ಕೂ ಒಂದೇ ಮುಖ, ಅಣ್ಣತಮ್ಮಂದಿರಲ್ಲದೆ ಇನ್ನೇನು? ಖಾಜಾಸಾಬರು ನಾಲ್ಕು ದಿನ ಏಣಿಯ ಮೇಲೆ ನಿಂತು, ಒಂದೊಂದು ಕಿವಿರನ್ನೂ ನವಿಲುಗರಿಯಷ್ಟು ಅಕ್ಕರೆಯಿಂದ ಆಯಿಲ್ ಪೇಂಟಿನಲ್ಲಿ ಬರೆದು, ಮೂಲೆಯಲ್ಲಿ ತಮ್ಮ ಹೆಸರು ಹಾಕಿದರು.

ಮುಂದಿನ ವಾರ ದ್ವಿತೀಯ ಪಿಯು ತರಗತಿಯಲ್ಲಿ ಶಬಾನಾ ಎದ್ದು ನಿಂತಳು. ಖಾಜಾಸಾಬರ ಮಗಳು. ತಂದೆಯ ಚಿತ್ರವೆಂಬ ಅಭಿಮಾನಕ್ಕೆ ಅದರಲ್ಲಿದ್ದ ಪ್ರತಿ ಹೆಸರನ್ನೂ ಮೊಬೈಲಿನಲ್ಲಿ ಹುಡುಕಿ ಓದಿದ್ದಳಂತೆ.

"ಸರ್, ಆ ಮೂರೂ ಬ್ಯಾರೆ ಬ್ಯಾರೆ ಕುಟುಂಬ ಅದಾವ್ರಿ. ಆಕ್ಸೊಲಾಟ್ಲ್‌ನ ಹತ್ರದ ಬಳಗದಾಗ ದೊಡ್ಡವಾದ ಮ್ಯಾಲೆ ಕಿವಿರು ಬಿದ್ದು ಹೋಗಿ, ನೆಲದ ಮ್ಯಾಲೆ ಬದುಕೋವೂ ಅದಾವಂತ್ರಿ. ಅವನ್ನ ಆ ಕಡೆ ಕೊಂಬಿಗೆ ಹಾಕೀರಿ."

ಅವಳು ಹೇಳಿದ್ದು ಸರಿ. ಕಿವಿರು ನೀರಿನಲ್ಲಿ ಬೆಳೆಯುವ ಸಾಲಮಾಂಡರ್ ಮರಿಗಳ ಬಾಲ್ಯದ ಸೊತ್ತು, ಕೆಲವು ಅದನ್ನು ಮುಪ್ಪಿನವರೆಗೂ ಬಿಡುವುದಿಲ್ಲ, ಬೇರೆ ಬೇರೆ ಮನೆತನಗಳಲ್ಲಿ ಬೇರೆ ಬೇರೆಯಾಗಿಯೇ ಹೀಗಾಗಿದೆ ಎಂದು ನಾನೇ ಒಂದು ಕಾಲದಲ್ಲಿ ಓದಿದ್ದು ಆ ಗಳಿಗೆಯಲ್ಲಿ ನೆನಪಾಯಿತು. ನೆನಪಾದದ್ದನ್ನು ಹೇಳುವುದು ಬಿಟ್ಟು ನನ್ನ ನಾಲಿಗೆ ಏನು ಹೇಳಿತು ಗೊತ್ತೇ? "ನಾ ಸರಿಯಾಗೇ ಹೇಳಿದ್ದೆ. ಬರಿಯೂ ಮುಂದ ನಿಮ್ಮಪ್ಪ ತಪ್ಪ ಮಾಡ್ಯಾನ." ತರಗತಿ ನಕ್ಕಿತು. ಹುಡುಗಿ ಕೂತಳು. ನನಗೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೋಗುವಷ್ಟರಲ್ಲಿ ಖಾಜಾಸಾಬರು ಬಣ್ಣದ ಡಬ್ಬಿಗಳೊಂದಿಗೆ ಬಂದು ಗೋಡೆಯ ಮುಂದೆ ನಿಂತಿದ್ದರು. ಅವರ ಅಂಗಿಯ ಕಿಸೆಯಿಂದ ಒಂದು ಕಾಗದ ಇಣುಕುತ್ತಿತ್ತು; ನನ್ನ ಅಕ್ಷರ ನನಗೆ ಗುರುತು ಸಿಗದೇ ಇದ್ದೀತೇ? ಈಗ ತೆಗೆಯುತ್ತಾರೆ, ಈಗ ತೆಗೆಯುತ್ತಾರೆ ಎಂದು ಕಾದೆ. ಅವರು ತೆಗೆಯಲಿಲ್ಲ.

"ಯಾವದು ಎಲ್ಲಿ ಹೋಗಬೇಕು, ಹೇಳ್ರಿ ಸರ್. ತಿದ್ದತೇನಿ."

ನಾನು ಹೇಳುತ್ತಾ ಹೋದೆ, ಅವರು ಆಕ್ಸೊಲಾಟ್ಲನ್ನು ಅಳಿಸುತ್ತಾ ಹೋದರು. ಒಂದೇ ಥರ ಕಂಡರೂ ಸಂಬಂಧವಿಲ್ಲ ಎನ್ನುವುದನ್ನು ವಿವರಿಸಲು ನಾನು ವಿಕಾಸವಾದದಿಂದ ಶುರುಮಾಡಿದಾಗ ಅವರು ಕುಂಚ ತಡೆದರು. "ತಿಳೀತ್ರಿ. ಅಡತಿ ಅಂಗಡಿ ಸಾವಕಾರ್ರೂ ನರಗುಂದ, ನಾವೂ ನರಗುಂದ. ಅವರ ಅಜ್ಜಾರೂ ಆ ಊರಿಂದ ಬಂದ್ರು, ನಮ್ಮ ಅಜ್ಜಾರೂ ಬಂದ್ರು, ಮಂದಿ ಇಬ್ಬರಿಗೂ ಅದ ಅಡ್ಡಹೆಸರು ಇಟ್ರು. ಹಂಗಂತ ನಾವು ಬೀಗರಾದ್ವೇನ್ರಿ?" ಇಪ್ಪತ್ತು ವರ್ಷದಲ್ಲಿ ನಾನು ಈ ಪಾಠವನ್ನು ಇಷ್ಟು ಸಲೀಸಾಗಿ ಹೇಳಿದ್ದಿಲ್ಲ.

ಸಂಜೆಗೆ ಚಿತ್ರ ಸರಿಯಾಯಿತು. ಹೋಗುವಾಗ ಅವರು ಮೂಲೆಯಲ್ಲಿದ್ದ ತಮ್ಮ ಹೆಸರಿನ ಮೇಲೆ ಗೋಡೆಯದೇ ಬಣ್ಣ ಎಳೆದುಬಿಟ್ಟರು. "ಇರಲಿ ಬಿಡ್ರಿ" ಎಂದೆ. "ತಪ್ಪ ಬಿದ್ದ ಕೆಲಸಕ್ಕ ನನ್ನ ಹೆಸರು ಬ್ಯಾಡ್ರಿ" ಎಂದು ಡಬ್ಬಿ ಎತ್ತಿಕೊಂಡು ಹೊರಟರು. ಜಗಳಾಡಿದ್ದರೆ ಸುಖವಾಗಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಕ್ಲಾಸಿನ್ಯಾಗ ಅಂದದ್ದನ್ನ ಕ್ಲಾಸಿನ್ಯಾಗ ತಿರುಗಿ ತಗೋರಿ. ಬಾಯಿ ಏನ್ ಸವೀತೈತೇನು?" ಎಂದಳು.

ಸವೆಯುವುದಿಲ್ಲ ಎಂಬುದನ್ನು ಮರುದಿನ ತೋರಿಸಿಕೊಟ್ಟೆ. ತರಗತಿಗೆ ಹೋಗಿ ತಪ್ಪೊಪ್ಪಿಗೆ ಎಂದುಕೊಂಡು ಆರಂಭಿಸಿದ್ದು ಉಪನ್ಯಾಸವಾಯಿತು. ಹಿಂದಿನ ಕಾಲದ ದೊಡ್ಡ ದೊಡ್ಡ ಪಂಡಿತರೂ ಕಿವಿರು ನೋಡಿ ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದ್ದರು ಎಂದೆ. ಶ್ವಾಸಕೋಶವೇ ಇಲ್ಲದೆ ಚರ್ಮದಲ್ಲಿ ಉಸಿರಾಡುವ ಕುಟುಂಬವೇ ಎಲ್ಲಕ್ಕಿಂತ ದೊಡ್ಡದು ಎಂದೆ. ಡಿಎನ್‌ಎ ಬಂದ ಮೇಲೆ ಎಷ್ಟೋ ನೆಂಟಸ್ತಿಕೆ ಮುರಿದುಬಿದ್ದವು ಎಂದೆ. ಬೋರ್ಡಿನ ತುಂಬ ಕೊಂಬೆಗಳನ್ನು ಎಳೆದೆ. ಗಂಟೆಯಾಗಲು ಐದು ನಿಮಿಷವಿತ್ತು. ತಪ್ಪು ಯಾರದೆಂಬುದು ಮಾತ್ರ ನನ್ನ ಬಾಯಿಂದ ಇನ್ನೂ ಹೊರಬಿದ್ದಿರಲಿಲ್ಲ.

ಶಬಾನಾ ಎದ್ದಳು. "ಹಂಗಾರ, ಅದು ನಮ್ಮ ಅಪ್ಪನ ತಪ್ಪ ಅಲ್ಲೇನ್ರಿ ಸರ್?"

"ಅಲ್ಲವ್ವಾ," ಎಂದೆ. "ಅವರು ನಾ ಬರಕೊಟ್ಟಂಗ ಬರದಾರ. ತಪ್ಪ ನಂದು."

ಆಕೆ ಕೂತು, ನೋಟುಬುಕ್ಕು ತೆರೆದು ಅದನ್ನು ಬರೆದುಕೊಂಡಳು. ಅವಳನ್ನು ನೋಡಿ ಪಕ್ಕದವಳು ಬರೆದುಕೊಂಡಳು, ಆಮೇಲೆ ಹಿಂದಿನ ಬೆಂಚಿನವರೂ ಬರೆದುಕೊಂಡರು. ಆ ದಿನದ ನನ್ನ ಇಡೀ ಪಾಠದಲ್ಲಿ ತರಗತಿಗೆ ತರಗತಿಯೇ ಬರೆದುಕೊಂಡದ್ದು ಅದೊಂದನ್ನೇ.