ಗಾಡಿಯ ಬೆಳಕೂ ಅಣ್ಣನ ಕಣ್ಣೂ

ತಪ್ಪು ಮಾಡುವುದಕ್ಕೆ ವಿದ್ಯೆ ಬೇಕಾಗಿಲ್ಲ, ಅದನ್ನು ಮುಚ್ಚಿಡುವುದಕ್ಕೆ ಬೇಕು ಎಂದು ನಾನು ತಿಳಿದಿದ್ದೆ. ಅದೂ ಸುಳ್ಳು. ನಾನು ಓದಿದ್ದು ಏಳನೆಯ ಕ್ಲಾಸು, ಅದೂ ಹಿಂದಿಯಲ್ಲಿ. ಆದರೂ ಒಂದು ತಪ್ಪನ್ನು ಮೂರು ವಾರ ಯಾರಿಗೂ ಗೊತ್ತಾಗದ ಹಾಗೆ ಇಟ್ಟುಕೊಂಡಿದ್ದೆ. ಕನ್ನಡದ ಅಕ್ಷರಗಳನ್ನು ನನಗೆ ಕಲಿಸಿದವನು ಅಣ್ಣ. ಕಾಶಿಯಲ್ಲಿ ಹುಟ್ಟಿ ಬೆಳೆದ ಹುಡುಗಿ ಊರಿನ ಭಾಷೆ ಮರೆಯಬಾರದೆಂದು ಹಳೆಯ ಪಂಚಾಂಗದ ಮೇಲೆ ನನ್ನ ಬೆರಳನ್ನು ಹಿಡಿದು ತಿದ್ದಿಸಿದ. ಹೀಗಾಗಿ ನಾನು ಮೊದಲು ಓದಿದ ಕನ್ನಡ ಪದ ರಾಹುಕಾಲ. ಅವನು ಕಲಿಸಿದ ಆ ಅಕ್ಷರದಲ್ಲೇ ಅವನಿಗೆ ಮಾಡಿದ ಅನ್ಯಾಯವನ್ನು ಬರೆಯುತ್ತಿದ್ದೇನೆ. ವಿದ್ಯಾದಾನ ಮಾಡುವವರು ಇದನ್ನೂ ಯೋಚಿಸಬೇಕು.

ನಾವು ಕಾಶಿಯ ಶಿವಾಲ ಘಾಟಿನ ಹತ್ತಿರದವರು. ಅಜ್ಜನ ಕಾಲದಿಂದ ಕರ್ನಾಟಕದ ಯಾತ್ರಿಕರಿಗೆ ಶ್ರಾದ್ಧ, ತರ್ಪಣ ಮಾಡಿಸುವ ಮನೆತನ. ಮಂತ್ರ ಅಣ್ಣನದು, ಅಡುಗೆ ನನ್ನದು. ಬೆಳಗಿನ ಜಾವಕ್ಕೇ ಉಪ್ಪಿಟ್ಟು, ಕಷಾಯದ ಡಬ್ಬಿಗಳನ್ನು ಸ್ಕೂಟರಿಗೆ ಕಟ್ಟಿಕೊಂಡು ಯಾತ್ರಿಕರು ಇಳಿದುಕೊಂಡ ಧರ್ಮಶಾಲೆಗೆ ಮುಟ್ಟಿಸಬೇಕು. ನನ್ನದು ಸಣ್ಣ ಸ್ಕೂಟರು, ಹಳೆಯದು. ಅದರ ದೀಪ ಎಣ್ಣೆ ಮುಗಿಯುತ್ತಿರುವ ಹಣತೆಯ ಹಾಗೆ ಉರಿಯುತ್ತಿತ್ತು. ಆಕ್ಸಿಲರೇಟರ್ ಕೊಟ್ಟರೆ ಬೆಳಕು, ಬಿಟ್ಟರೆ ಕತ್ತಲೆ. ಅಂದರೆ ನಿಧಾನವಾಗಿ ಹೋಗಬೇಕಾದ ಕಡೆಯಲ್ಲೇ ದಾರಿ ಕಾಣದು. ಒಂದು ದಿನ ಗಲ್ಲಿಯ ತಿರುವಿನಲ್ಲಿ ಮಲಗಿದ್ದ ಗೂಳಿಯ ಬೆನ್ನಿಗೇ ಮುಂದಿನ ಚಕ್ರ ತಾಗಿಸಿದೆ. ಗೂಳಿ ತಲೆಯೆತ್ತಿ ನನ್ನನ್ನು ನೋಡಿತು, ಹೆಂಗಸೆಂದು ಬಿಟ್ಟಿತೋ ಏನೋ, ಮತ್ತೆ ಮಲಗಿತು. ಬಿದ್ದ ನಾನು ಎದ್ದೆ, ಚೆಲ್ಲಿದ ನಲವತ್ತು ಜನರ ಉಪ್ಪಿಟ್ಟು ಮಾತ್ರ ಏಳಲಿಲ್ಲ.

ಮಾರನೆಯ ದಿನವೇ ಫುಟ್‌ಪಾತಿನ ಅಂಗಡಿಯೊಂದರಲ್ಲಿ ನೀಲಿ ಹೊಡೆಯುವ ಬಿಳಿ ಎಲ್ಇಡಿ ಬಲ್ಬು ಹಾಕಿಸಿದೆ. ಐದು ನಿಮಿಷದ ಕೆಲಸ. "ದೀದಿ, ಇನ್ನು ನಿಮ್ಮ ಗಾಡಿಯ ಮುಂದೆ ಯಾರೂ ನಿಲ್ಲುವುದಿಲ್ಲ" ಎಂದ ಅಂಗಡಿಯವನು. ಅವನು ಸುಳ್ಳು ಹೇಳಲಿಲ್ಲ. ಒಂದು ವಾರ ನಾನು ಮಹಾರಾಣಿಯ ಹಾಗೆ ಓಡಾಡಿದೆ. ರಿಕ್ಷಾದವರು ಪಕ್ಕಕ್ಕೆ ಸರಿಯುತ್ತಿದ್ದರು. ಎದುರು ಬಂದವರೆಲ್ಲ ಹಣೆಗೆ ಕೈ ಹಚ್ಚುತ್ತಿದ್ದರು. ಕಣ್ಣಿಗೆ ಮರೆ ಮಾಡಿಕೊಳ್ಳುತ್ತಿದ್ದಾರೆಂದು ನನಗೆ ಹೊಳೆಯಲಿಲ್ಲ. ಪುರೋಹಿತರ ಮನೆಯವಳಲ್ಲವೇ, ನಮಸ್ಕಾರವೆಂದೇ ತಿಳಿದು ಕೆಲವರಿಗೆ ತಲೆ ಬಾಗಿಸಿದ್ದೂ ಉಂಟು.

ಪುಷ್ಯಮಾಸ, ಮಂಜು ಹಾಲಿನ ಹಾಗೆ ಕವಿದಿತ್ತು. ನಾನು ಡಬ್ಬಿ ಕಟ್ಟಿಕೊಂಡು ಹೊರಟಿದ್ದೆ. ಅಣ್ಣ ಗಂಗಾಸ್ನಾನ ಮುಗಿಸಿ ಒದ್ದೆ ಪಂಚೆಯನ್ನು ಸೈಕಲ್ಲಿನ ಹಿಂದೆ ಸಿಕ್ಕಿಸಿಕೊಂಡು ಎದುರಿನಿಂದ ಬರುತ್ತಿದ್ದ. ಏನೋ ಅಲುಗಾಡಿದ ಹಾಗೆ ಕಂಡು ನಾನು ಹಾರ್ನ್ ಹೊಡೆದೆ. ಆ ಅಲುಗಾಟ ಎಡಕ್ಕೆ ವಾಲಿ, ತರಕಾರಿಯವನು ಆಗತಾನೇ ಸುರಿದಿದ್ದ ಹಸಿ ಬಟಾಣಿಯ ರಾಶಿಗೆ ಹೋಗಿ ಬಿತ್ತು. ಕೇಸರಿ ಶಾಲು ನೋಡಿದ ಮೇಲೆ ಗೊತ್ತಾಯಿತು, ಬಿದ್ದವನು ಅಣ್ಣ.

ಇಲ್ಲಿಂದ ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ಚಾವಿ ತಿರುಗಿಸಿ ಗಾಡಿ ಆರಿಸಿದೆ. ಬೆಳಕು ಹೋಯಿತು. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ಬೇರೆಲ್ಲಿಂದಲೋ ಬಂದವಳ ಹಾಗೆ ಓಡಿ, "ಅಯ್ಯೋ ಅಣ್ಣಾ, ಏನಾಯ್ತು?" ಎಂದೆ.

"ಶಾರೀ, ನೀನಾ? ದೇವರ ಹಾಗೆ ಬಂದೆ ಕಣೇ" ಎಂದ ಅಣ್ಣ. ಅವನ ಕೈ ಉಳುಕಿತ್ತು, ಕಿವಿಯ ಮೇಲೆ ಒಂದು ಬಟಾಣಿ ಸಿಪ್ಪೆ ಕೂತಿತ್ತು. ಅವನನ್ನು ಅದೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ತಂದೆ. ದಾರಿಯಲ್ಲಿ ಅವನು, "ನಿನ್ನ ಗಾಡಿ ಬೆಳಕು ಚೆನ್ನಾಗಿದೆ, ನನ್ನಂಥವನಿಗೂ ದಾರಿ ಕಾಣುತ್ತೆ" ಎಂದ. ಭೂಮಿ ಬಾಯಿ ಬಿಡಲಿ ಎಂದುಕೊಂಡೆ. ಕಾಶಿಯ ರಸ್ತೆ ಎಲ್ಲೆಲ್ಲೋ ಬಾಯಿ ಬಿಡುತ್ತದೆ, ಬೇಕಾದಾಗ ಬಿಡುವುದಿಲ್ಲ.

ಪಕ್ಕದ ಮನೆಯ ಅಜ್ಜಿ ವಿಷಯ ಕೇಳಿ, ಬ್ರಾಹ್ಮೀ ಮುಹೂರ್ತದಲ್ಲಿ ಕಾಣಿಸಿದ ಬೆಳಕೆಂದರೆ ವಿಶ್ವನಾಥನೇ ಎಂದು ಕೈ ಮುಗಿದರು. ಅಣ್ಣ ಒಪ್ಪಲಿಲ್ಲ. "ವಿಶ್ವನಾಥ ಬಂದಿದ್ದರೆ ಹಾರ್ನ್ ಹೊಡೀತಿದ್ದನೇ ಅಜ್ಜಿ? ಯಾವುದೋ ಗಾಡಿ ಬಂತು, ಕಣ್ಣಿಗೆ ಕತ್ತಲೆ ಕವೀತು. ನಲವತ್ತು ವರ್ಷದಿಂದ ಸೈಕಲ್ ಹೊಡೀತಿದ್ದೀನಿ, ಎಷ್ಟೋ ಗಾಡಿ ಎದುರಿಗೆ ಬಂದಿವೆ. ಯಾವತ್ತೂ ಬಿದ್ದವನಲ್ಲ. ಸೋತದ್ದು ನನ್ನ ಕಣ್ಣು" ಎಂದ. ನಮ್ಮ ಅಪ್ಪನಿಗೂ ಅರವತ್ತರ ಸುಮಾರಿಗೇ ಕಣ್ಣು ಹೋಗಿತ್ತು. ಅಣ್ಣನಿಗೆ ಐವತ್ತೊಂಬತ್ತು.

ಡಾಕ್ಟರ ಹತ್ತಿರ ಹೋಗೋಣವೆಂದರೆ, "ಅವರು ಹೌದು ಅಂದುಬಿಟ್ಟರೆ?" ಎನ್ನುತ್ತಿದ್ದ. ಕಣ್ಣಿಗೆ ಒಳ್ಳೆಯದೆಂದು ಅತ್ತಿಗೆ ಗಜ್ಜರಿಗೆ ಶರಣಾದಳು. ಬೆಳಿಗ್ಗೆ ಗಜ್ಜರಿ ಕೋಸಂಬರಿ, ಮಧ್ಯಾಹ್ನ ಗಜ್ಜರಿ ಪಲ್ಯ, ಸಂಜೆ ಗಜ್ಜರಿ ರಸ. ತಂದುಕೊಡುತ್ತಿದ್ದವಳು ನಾನು, ಅದೂ ಆರಿಸಿ ಆರಿಸಿ. ತಪ್ಪು ಒಪ್ಪಿಕೊಳ್ಳುವ ಬದಲು ಗಜ್ಜರಿ ಹೊರುವುದು ನನಗೆ ಸುಲಭವೆನಿಸಿತ್ತು. ಅತ್ತಿಗೆ ಬಂದವರಿಗೆಲ್ಲ, "ನಾದಿನಿ ಅಂದ್ರೆ ಇವಳು" ಎನ್ನುತ್ತಿದ್ದಳು. ನಾನು ಕೊತ್ತಂಬರಿ ಸೋಸುತ್ತ ತಲೆ ತಗ್ಗಿಸುತ್ತಿದ್ದೆ. ಅದನ್ನೂ ವಿನಯವೆಂದೇ ತಿಳಿದರು.

ಆ ಬಲ್ಬಿನಲ್ಲಿ ಮತ್ತೆ ಗಾಡಿ ಓಡಿಸಲು ಮಾತ್ರ ಧೈರ್ಯವಾಗಲಿಲ್ಲ. ಬೆಳಕು ಹರಿದ ಮೇಲೆ ತಳ್ಳಿಕೊಂಡು ಲಲ್ಲನ್ ಮಿಸ್ತ್ರಿಯ ಹತ್ತಿರ ಹೋದೆ. ಅವನು ಸೋನಾರ್‌ಪುರದ ಮೂಲೆಯಲ್ಲಿ ಗಾಡಿ ರಿಪೇರಿ ಮಾಡುವವನು. ದೀಪ ಹೊತ್ತಿಸಿ ನೋಡಿ ಅವನು ಭೋಜಪುರಿಯಲ್ಲಿ ಹೇಳಿದ್ದನ್ನು ನನ್ನ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ದೀದಿ, ಇದು ಗಾಡಿಗೆ ಹಾಕುವ ಬಲ್ಬಲ್ಲ, ಮದುವೆ ಬಾರಾತಿನ ಮೆರವಣಿಗೆಗೆ ಹಾಕುವುದು. ನಿಮ್ಮ ದೀಪದ ಒಳಗಿನ ಕನ್ನಡಿ ಬೇರೆ ಥರದ ಬಲ್ಬಿಗೆ ಮಾಡಿದ್ದು. ಇದನ್ನು ಹಾಕಿದರೆ, ಡಿಪ್ಪರ್ ಒತ್ತಿ ತಗ್ಗಿಸಿದರೂ ಬೆಳಕು ರಸ್ತೆಗೆ ಬೀಳುವುದಿಲ್ಲ, ಜನರ ಮುಖಕ್ಕೆ ಬೀಳುತ್ತೆ. ಮಂಜಿನಲ್ಲಿ ನಿಮಗೂ ಕಾಣಲ್ಲ, ಎದುರಿನವನಿಗೂ ಕಾಣಲ್ಲ. ಕಾನೂನಿನಲ್ಲೂ ಇದಕ್ಕೆ ಜಾಗವಿಲ್ಲ. ಪೊಲೀಸರು ಹಿಡಿದು ಚಲಾನ್ ಹಾಕಿದರೆ ಪುಣ್ಯ ಅನ್ನಿ. ಯಾರಾದರೂ ಬಿದ್ದರೆ? ಯಾರೂ ಬಿದ್ದಿಲ್ಲ ತಾನೇ?"

ನಾನು, "ಸರಿಯಾದ ಬಲ್ಬು ಯಾವುದು?" ಎಂದೆ.

ನನ್ನ ದೀಪದ ರೋಗ ಬಲ್ಬಿನದಾಗಿರಲೇ ಇಲ್ಲ. ಮೇಲಿನ ಗಾಜು ಹಳದಿಗಟ್ಟಿತ್ತು, ಒಳಗಿನ ಕನ್ನಡಿಯ ಹೊಳಪು ಹೋಗಿತ್ತು, ಒಂದು ತಂತಿ ತುಕ್ಕು ಹಿಡಿದಿತ್ತು. ಲಲ್ಲನ್ ಗಾಜು, ಕನ್ನಡಿ ಎರಡನ್ನೂ ಆ ಗಾಡಿಗೇ ಮಾಡಿದ ಹೊಸದನ್ನು ತರಿಸಿ ಹಾಕಿದ. ತಂತಿ ಬದಲಿಸಿದ. ಕಂಪನಿ ಹೇಳಿದಷ್ಟೇ ವಾಟಿನ ಐಎಸ್ಐ ಗುರುತಿನ ಬಲ್ಬು ಕೂರಿಸಿದ. ಆಮೇಲೆ ಬೆಳಕಿನ ಗುರಿ ಹೊಂದಿಸಬೇಕು, ಹತ್ತು ಹೆಜ್ಜೆ ದೂರದಲ್ಲಿ ನೇರ ಗೋಡೆ ಬೇಕು, ನೆಲ ಸಮ ಇರಬೇಕು ಎಂದ. ನಮ್ಮ ಗಲ್ಲಿಗಳಲ್ಲಿ ಎರಡು ಹೆಜ್ಜೆಗೆ ಗೋಡೆ ಸಿಗುತ್ತದೆ, ಹತ್ತು ಹೆಜ್ಜೆಗೆ ಇನ್ನೊಬ್ಬರ ಅಡುಗೆಮನೆ ಬರುತ್ತದೆ. ನಮ್ಮ ಮನೆಗೆ ಯಾತ್ರಿಕರನ್ನು ಕಳಿಸುವ ಕನ್ನಡ ಮಠದ ಅಂಗಳದಲ್ಲಿ ಜಾಗವಿದೆ ಎಂದೆ. ಜಾಗ ಬೇಕಿದ್ದದ್ದು ನಿಜ. ಆ ಸೋಮವಾರ ಸಂಜೆ ಅಣ್ಣ ಅಲ್ಲಿಗೆ ಬರುತ್ತಾನೆಂಬುದೂ ನನಗೆ ಗೊತ್ತಿತ್ತು. ಕಣ್ಣು ಸೋತಿದೆ, ಇನ್ನು ಯಾತ್ರಿಕರನ್ನು ಬೇರೆಯವರಿಗೆ ಒಪ್ಪಿಸಿ ಎಂದು ಹಿರಿಯ ಸ್ವಾಮಿಗಳಿಗೆ ಹೇಳಲು ಅವನು ನಿಶ್ಚಯಿಸಿದ್ದ. ನನ್ನ ಬಾಯಿಂದ ಬಾರದ್ದನ್ನು ಬಲ್ಬಾದರೂ ಹೇಳಲಿ ಎಂಬ ಹೇಡಿತನ ನನ್ನದು.

ಅಣ್ಣ ಜಗುಲಿಯ ಮೇಲೆ ಸ್ವಾಮಿಗಳ ಪೂಜೆ ಮುಗಿಯುವುದನ್ನು ಕಾಯುತ್ತ ಕೂತಿದ್ದ. ಲಲ್ಲನ್ ಗಾಡಿಯ ದೀಪದ ಎತ್ತರ ಅಳೆದು ಗೋಡೆಗೆ ಅಷ್ಟೇ ಎತ್ತರದಲ್ಲಿ ಸುಣ್ಣದ ಗೆರೆ ಎಳೆದ. ನನ್ನನ್ನು ಸೀಟಿನ ಮೇಲೆ ಕೂರಿಸಿ, ಹಿಂದೆ ನೀರು ತುಂಬಿದ ಡಬ್ಬಿಗಳನ್ನು ಕಟ್ಟಿದ. "ಭಾರ ಬಿದ್ದರೆ ಗಾಡಿ ಮೂಗು ಎತ್ತುತ್ತೆ ದೀದಿ, ದಿನಾ ಎಷ್ಟು ಹೊರುತ್ತೀರೋ ಅಷ್ಟು ಹೊತ್ತೇ ನೋಡಬೇಕು." ಡಿಪ್ಪರ್ ಹಾಕಿದಾಗ ಬೆಳಕಿನ ಮೇಲಂಚು ಗೆರೆಯಿಂದ ಕೆಳಗೆ ನಿಲ್ಲುವವರೆಗೂ ಸ್ಕ್ರೂ ತಿರುಗಿಸಿದ. ಆಮೇಲೆ ಅಣ್ಣನನ್ನು ಕರೆದ. "ಪಂಡಿತ್‌ಜೀ, ಸ್ವಲ್ಪ ಎದುರಿಗೆ ನಿಲ್ಲಿ. ಕಣ್ಣಿಗೆ ಹೊಡೆಯುತ್ತಾ?"

"ನನ್ನ ಕಣ್ಣನ್ನು ಕೇಳಬೇಡಪ್ಪಾ" ಎನ್ನುತ್ತಲೇ ಅಣ್ಣ ಬಂದು ನಿಂತ. "ಇಲ್ಲ, ಹಿತವಾಗಿದೆ."

"ಹಳೆಯದನ್ನೂ ನೋಡಿ" ಎಂದು ಲಲ್ಲನ್ ತೆಗೆದಿಟ್ಟಿದ್ದ ಬಿಳಿ ಬಲ್ಬನ್ನೇ ಮತ್ತೆ ಕೂರಿಸಿ ಅಣ್ಣನ ಪಕ್ಕಕ್ಕೆ ಹೋದ, ನಾನು ದೀಪ ಹೊತ್ತಿಸಿದೆ. ಅಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನೋಡು ಶಾರೀ, ಮತ್ತೆ ಕತ್ತಲೆ ಬಂತು. ನಾನು ಹೇಳಲಿಲ್ಲವೇ?"

ಲಲ್ಲನ್ ಅವನ ಪಕ್ಕದಲ್ಲೇ ಕಣ್ಣುಜ್ಜಿಕೊಳ್ಳುತ್ತ ನಿಂತಿದ್ದ. ಅಣ್ಣ ಬೆರಳ ಸಂದಿಯಿಂದ ನೋಡಿ, "ನಿನಗೂ ಕತ್ತಲೆ ಬಂತೇನಪ್ಪಾ?" ಎಂದು ಕೇಳಿದ.

"ನನಗೇನು ಪಂಡಿತ್‌ಜೀ, ಅಲ್ಲಿ ಕೂತಿರುವ ಕಲ್ಲಿನ ನಂದಿಗೂ ಬಂದಿರುತ್ತೆ."

ಅಣ್ಣ ಗಾಡಿಯನ್ನು ನೋಡಿದ, ನನ್ನನ್ನು ನೋಡಿದ. ನಾನು ದೀಪ ಆರಿಸಿ ಹೇಳಿದೆ. "ಅವತ್ತು ಎದುರಿಗೆ ಬಂದವಳು ನಾನೇ ಅಣ್ಣಾ. ಗಾಡಿ ಆರಿಸಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಬಂದೆ."

ಬೈಯುತ್ತಾನೆಂದು ಕಾದೆ. ಅವನು ಜಗುಲಿಯ ಮೇಲೆ ನಿಧಾನವಾಗಿ ಕೂತ. "ಮೂರು ವಾರದಿಂದ ದಿನಾ ಕಣ್ಣು ಮುಚ್ಚಿಕೊಂಡು ಮನೆಯೊಳಗೆ ನಡೆದು ನೋಡ್ತಿದ್ದೆ ಕಣೇ. ಮುಂದೆ ಕಣ್ಣು ಹೋದಾಗ ಅಭ್ಯಾಸ ಇರಲಿ ಅಂತ. ದೇವರಮನೆ ಹೊಸ್ತಿಲು ಒಂದನ್ನು ಮಾತ್ರ ಎಡವುತ್ತಿದ್ದೆ" ಎಂದ. ನಾನು ಅಳಲು ಶುರುಮಾಡಿದೆ. ಅವನು ನಕ್ಕ. ನಗುತ್ತ ಶಾಲಿನ ತುದಿಯಿಂದ ಆ ಕಣ್ಣುಗಳನ್ನೇ ಒರೆಸಿಕೊಂಡ. "ಕಣ್ಣು ಇದೆ ಅಂತಾಯಿತಲ್ಲ, ಸಾಕು ಬಿಡು. ಗಜ್ಜರಿ ನಿಲ್ಲಿಸು ಅಂತ ನಿನ್ನ ಅತ್ತಿಗೆಗೆ ಹೇಳು. ಯಾಕೆ ಅಂತಲೂ ನೀನೇ ಹೇಳು."

ಒಳಗಿನಿಂದ ಕರೆ ಬಂತು. ಏನು ವಿಷಯವೆಂದು ಸ್ವಾಮಿಗಳು ಕೇಳಿದರೆ, "ಏನಿಲ್ಲ, ನಮಸ್ಕಾರ ಮಾಡಿ ಹೋಗೋಣ ಅಂತ ಬಂದೆ" ಎಂದನಂತೆ. ಅತ್ತಿಗೆ ಮಾತ್ರ ಅವನಷ್ಟು ಸುಲಭವಾಗಿ ಬಿಡಲಿಲ್ಲ. ಅದನ್ನು ಬರೆಯುವಷ್ಟು ಕನ್ನಡ ಪಂಚಾಂಗದಲ್ಲಿರಲಿಲ್ಲ.

ಇಂಥ ಅಣ್ಣನನ್ನೂ ಇಂಥ ಮಿಸ್ತ್ರಿಯನ್ನೂ ಕೊಟ್ಟ ದೇವರಿಗೆ ನಾನು ದಿನಾ ಕೈ ಮುಗಿಯುತ್ತೇನೆ. ಈಗ ನನ್ನ ಬೆಳಕು ತಗ್ಗಿ ನಡೆಯುತ್ತದೆ, ಎದುರಿನವರು ಯಾರೂ ಹಣೆಗೆ ಕೈ ಹಚ್ಚುವುದಿಲ್ಲ. ಅಣ್ಣ ಮತ್ತೆ ಜಾವಕ್ಕೇ ಸೈಕಲ್ ಹೊಡೆಯುತ್ತಾನೆ. ನಿನ್ನೆ ಮಂಜಿನಲ್ಲಿ ಎದುರಾದಾಗ ಮೊದಲ ಸಲ ಅವನನ್ನು ಸರಿಯಾಗಿ ನೋಡಿದೆ. ಅವನ ಸೈಕಲ್ಲಿಗೆ ಮುಂದೆ ದೀಪವೂ ಇಲ್ಲ, ಹಿಂದೆ ಹೊಳೆಯುವ ಕೆಂಪು ಬಿಲ್ಲೆಯೂ ಇಲ್ಲ. ನಲವತ್ತು ವರ್ಷದಿಂದ ಕತ್ತಲೆಯ ಹಾಗೆಯೇ ಓಡಾಡುತ್ತಿದ್ದಾನೆ. ಹೀಗೆ ಬಂದರೆ ಯಾರಿಗೆ ಕಾಣುತ್ತೀ ಎಂದು ಗದರಿಸಲು ಬಾಯಿ ತೆರೆದೆ, ಅವತ್ತಿನ ಬಟಾಣಿಯವನು ನನ್ನನ್ನೇ ನೋಡುತ್ತಿದ್ದ, ಮುಚ್ಚಿಕೊಂಡೆ. ಯುಗಾದಿ ಕಳೆಯಲಿ, ಹೇಳುತ್ತೇನೆ.